ಹಳೆಯ ಉಕ್ಕಿನ ಸೈಕಲ್ಲಿಗೆ ಹೊಸ ಚಕ್ರ ಹಾಕಿದರೆ ತಪ್ಪೇನು?

ಬಾಗಿದ ಹ್ಯಾಂಡಲ್, ತೆಳು ಟೈರು, ಫ್ರೇಮಿನ ಕೆಳಪೈಪಿಗೆ ಕೂರಿಸಿದ ಗೇರ್ ಲಿವರ್. 1970 ಮತ್ತು 80ರ ದಶಕಗಳಲ್ಲಿ ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಜಪಾನ್‌ಗಳಲ್ಲಿ ತಯಾರಾದ ಉಕ್ಕಿನ ರೋಡ್ ಬೈಕುಗಳು ಇವತ್ತಿಗೂ ಮನೆಗಳ ಮೂಲೆಯಲ್ಲಿ, ಗುಜರಿ ಅಂಗಡಿಗಳಲ್ಲಿ ಸಿಗುತ್ತವೆ. ಇಂಥ ಸೈಕಲ್ಲುಗಳ ವಿಷಯದಲ್ಲಿ ಎರಡು ಮಾತು ಕೇಳಿಬರುತ್ತವೆ. ಇದು ಪರಂಪರೆ, ಒಂದು ನಟ್ಟನ್ನೂ ಬದಲಿಸಬಾರದು ಎನ್ನುವುದು ಒಂದು. ಕಾಲ ಮುಗಿದ ವಸ್ತು, ಹೊಸದು ಕೊಳ್ಳಿ ಎನ್ನುವುದು ಇನ್ನೊಂದು. ಕೇಳಲು ವಿರುದ್ಧವೆನಿಸಿದರೂ ಎರಡರ ಪರಿಣಾಮ ಒಂದೇ: ಸೈಕಲ್ಲು ರಸ್ತೆಗೆ ಇಳಿಯುವುದಿಲ್ಲ. ಫ್ರೇಮನ್ನು ಹಾಗೇ ಉಳಿಸಿಕೊಂಡು, ಇಂದಿನ ಚಕ್ರ ಮತ್ತು ಗೇರುಗಳನ್ನು ಹಿತಮಿತವಾಗಿ ಜೋಡಿಸಿ, ದಿನವೂ ತುಳಿಯುವುದೇ ಅದಕ್ಕೆ ಸಲ್ಲುವ ನಿಜವಾದ ಮರ್ಯಾದೆ ಎಂಬುದು ನನ್ನ ವಾದ.

ಫ್ರೇಮಿನ ಆಯಸ್ಸು ಬೇರೆ, ಬಿಡಿಭಾಗಗಳ ಆಯಸ್ಸು ಬೇರೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಬಂದ ರೆನಾಲ್ಡ್ಸ್ 531ರಂಥ ಉಕ್ಕಿನ ಕೊಳವೆಗಳಿಂದ ಕಟ್ಟಿದ ಫ್ರೇಮು, ತುಕ್ಕು ಹಿಡಿಯದಂತೆ ನೋಡಿಕೊಂಡರೆ ಎರಡು ಮೂರು ತಲೆಮಾರು ಬಾಳುತ್ತದೆ. ಚೈನು, ಗೇರಿನ ಹಲ್ಲು, ಬೇರಿಂಗು, ರಿಮ್ ಸವೆಯಲೆಂದೇ ಇರುವಂಥವು. ಅವುಗಳಲ್ಲೂ ಮೊದಲು ಬದಲಾಗಬೇಕಾದದ್ದು ಕ್ರೋಮ್ ಹಾಕಿದ ಉಕ್ಕಿನ ರಿಮ್. ಒಣ ರಸ್ತೆಯಲ್ಲಿ ಅದು ಹೇಗೋ ನಡೆಯುತ್ತದೆ. ಮಳೆ ಬಂದು ರಿಮ್ ನೆನೆದರೆ ಬ್ರೇಕಿನ ರಬ್ಬರು ಜಾರುತ್ತದೆ, ಸೈಕಲ್ಲು ನಿಲ್ಲಲು ಎಷ್ಟೋ ಹೆಚ್ಚು ದೂರ ಬೇಕಾಗುತ್ತದೆ. ಅಲ್ಯುಮಿನಿಯಂ ರಿಮ್ಮಿನಲ್ಲಿ ಹಿಡಿತ ಬಹಳ ಮೇಲು. ಹಳೆಯ 27 ಇಂಚಿನ ಚಕ್ರದ ಬದಲು ಇಂದು ಎಲ್ಲೆಡೆ ಸಿಗುವ 700ಸಿ ಚಕ್ರ ಹಾಕುವುದೂ ಕಷ್ಟವಲ್ಲ. ಟೈರು ಕೂರುವ ಜಾಗದ ವ್ಯಾಸ ಮೊದಲನೆಯದರಲ್ಲಿ 630 ಮಿಲಿಮೀಟರ್, ಎರಡನೆಯದರಲ್ಲಿ 622. ಹೀಗಾಗಿ ಬ್ರೇಕ್ ರಬ್ಬರು 4 ಮಿಲಿಮೀಟರ್ ಕೆಳಗೆ ಎಟುಕಿದರೆ ಸಾಕು. ಎಟುಕದಿದ್ದರೆ ಉದ್ದ ತೋಳಿನ ಬ್ರೇಕು ಈಗಲೂ ತಯಾರಾಗುತ್ತಿದೆ.

ಚಕ್ರ ಬದಲಿಸಲು ಎರಡನೆಯ ಕಾರಣ ಹಿಂದಿನ ಹಬ್ಬಿನೊಳಗಿದೆ. ಹಳೆಯ ಹಬ್ಬಿಗೆ ಫ್ರೀವೀಲನ್ನು ತಿರುಪಿ ಕೂರಿಸುತ್ತಾರೆ. ಬಲಗಡೆಯ ಬೇರಿಂಗು ಅದರ ಒಳಬದಿಗೆ ಉಳಿಯುವುದರಿಂದ ಆಕ್ಸಲ್ಲಿನ ತುದಿ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಹಲ್ಲಿನ ಚಕ್ರಗಳ ಸಂಖ್ಯೆ ಹೆಚ್ಚಿದಷ್ಟೂ ಈ ಚಾಚು ಹೆಚ್ಚು, ಆಕ್ಸಲ್ ಬಾಗುವ ಇಲ್ಲವೇ ಮುರಿಯುವ ಸಂಭವವೂ ಹೆಚ್ಚು. ಶಿಮಾನೊ ಕಂಪನಿ 1970ರ ದಶಕದ ಕೊನೆಯಲ್ಲಿ ತಂದ ಫ್ರೀಹಬ್ಬಿನಲ್ಲಿ ಬೇರಿಂಗು ಹೊರತುದಿಯ ಹತ್ತಿರಕ್ಕೆ ಬಂತು, ಆ ದೌರ್ಬಲ್ಯ ಬಹುಮಟ್ಟಿಗೆ ನೀಗಿತು. ಇನ್ನು ಏರಿನ ಮಾತು. ಹಳೆಯ ರೇಸ್ ಸೈಕಲ್ಲಿನಲ್ಲಿ ಮುಂದೆ 42, ಹಿಂದೆ 24 ಹಲ್ಲು ಅತಿ ಹಗುರ ಗೇರಾಗಿದ್ದರೆ, ಪೆಡಲ್ ಒಂದು ಸುತ್ತು ಬರುವಾಗ ಸೈಕಲ್ಲು ಸುಮಾರು 3.7 ಮೀಟರ್ ಮುಂದೆ ಹೋಗಬೇಕು. ಇಂದಿನ 34 ಮತ್ತು 32ರ ಜೋಡಿಯಲ್ಲಿ ಅದು ಸುಮಾರು 2.2 ಮೀಟರ್. ನಂದಿಬೆಟ್ಟದ ತಿರುವುಗಳಲ್ಲಿ ಇಳಿದು ತಳ್ಳುವುದಕ್ಕೂ ಕೂತೇ ಹತ್ತುವುದಕ್ಕೂ ಇರುವ ಅಂತರ ಇದೇ. ಐವತ್ತು ದಾಟಿದವರ ಮೊಣಕಾಲಿಗೆ ಇದು ಸಣ್ಣ ವಿಷಯವಲ್ಲ.

ಫ್ರೇಮು ಹಾಳಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆರೇಳು ಗೇರಿನ ಕಾಲದ ಫ್ರೇಮಿನಲ್ಲಿ ಹಿಂದಿನ ಹಬ್ಬು ಕೂರುವ ಜಾಗ 126 ಮಿಲಿಮೀಟರ್. ಎಂಟರಿಂದ ಹನ್ನೊಂದು ಗೇರಿನ ರೋಡ್ ಹಬ್ಬಿಗೆ 130 ಬೇಕು. ಉಕ್ಕು ಬಾಗಿಸಿದರೆ ಬಾಗಿದಂತೆ ನಿಲ್ಲುವ ಲೋಹ. ಆದ್ದರಿಂದ ಕಾಯಿಸದೆಯೇ ಎರಡೂ ಬದಿಯನ್ನು ತಲಾ 2 ಮಿಲಿಮೀಟರ್ ಅಗಲಿಸುವುದು ಅನುಭವಸ್ಥ ಮೆಕ್ಯಾನಿಕ್ಕುಗಳು ಬಲ್ಲ ಕೆಲಸ. ಒಂದು ಕಡೆಯ ಆಕ್ಸಲ್ ಸೀಳಿನಿಂದ ದಾರ ಕಟ್ಟಿ, ಹ್ಯಾಂಡಲ್ ಕೂರುವ ಮುಂಪೈಪಿನ ಸುತ್ತ ಬಳಸಿ, ಇನ್ನೊಂದು ಕಡೆಯ ಸೀಳಿಗೆ ಬಿಗಿದರೆ, ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಬದಿ ಒಂದೇ ಅಂತರ ಇರಬೇಕು. ಇಲ್ಲದಿದ್ದರೆ ಒಂದೇ ಬದಿ ಬಾಗಿದೆ ಎಂದರ್ಥ. ಸೀಳುಗಳೆರಡೂ ಒಂದಕ್ಕೊಂದು ಸಮಾನಾಂತರವಾಗಿವೆಯೇ ಎಂದೂ ನೋಡಬೇಕು. ಅಲ್ಯುಮಿನಿಯಂ ಮತ್ತು ಕಾರ್ಬನ್ ಫ್ರೇಮುಗಳನ್ನು ಮಾತ್ರ ಎಂದೂ ಹೀಗೆ ಅಗಲಿಸಬಾರದು, ಅವು ಬಿರುಕು ಬಿಡುತ್ತವೆ. ತುಕ್ಕು ತಿಂದ ಉಕ್ಕಿಗೂ ಇದು ಸಲ್ಲದು.

ಪರಂಪರೆ ಕೆಡುತ್ತದೆ ಎನ್ನುವವರ ಕಳಕಳಿ ನನಗೂ ಇದೆ. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೆಯುತ್ತಿರುವ ಎಲ್'ಎರೋಯಿಕಾ ಸವಾರಿಯಲ್ಲಿ ಹಳೆಯ ಸೈಕಲ್ಲುಗಳು ಹಳೆಯ ಭಾಗಗಳೊಂದಿಗೇ ಓಡುತ್ತವೆ. ಅಂಥ ಸಂಪ್ರದಾಯ ಉಳಿಯಬೇಕು. ಹೆಸರಾಂತ ಕುಶಲಕರ್ಮಿ ಕಟ್ಟಿದ, ಮೂಲ ಭಾಗಗಳೆಲ್ಲ ಉಳಿದಿರುವ ಅಪರೂಪದ ಸೈಕಲ್ಲನ್ನು ಮುಟ್ಟಬೇಡಿ ಎಂದು ನಾನೂ ಹೇಳುತ್ತೇನೆ. ಆದರೆ ಉಳಿದವುಗಳಲ್ಲಿ ಬಹುಪಾಲು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದವು, ಜನ ಓಡಾಡಲೆಂದೇ ಮಾಡಿದವು. ಅವುಗಳಿಗೂ ಒಂದು ಕಟ್ಟುಪಾಡು ಇರಲಿ. ತೂತು ಕೊರೆಯಬಾರದು, ಉಜ್ಜಿ ಕತ್ತರಿಸಬಾರದು, ಮೂಲ ಬಣ್ಣ ತೆಗೆಯಬಾರದು. ಬಿಚ್ಚಿದ ಭಾಗಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿ ಇಡಬೇಕು. ಮುಂದೆ ಯಾರಾದರೂ ಬಯಸಿದರೆ ಬಹುಮಟ್ಟಿಗೆ ಮೊದಲಿನಂತೆ ಜೋಡಿಸಲು ಸಾಧ್ಯವಾಗಬೇಕು.

ಇಷ್ಟು ಖರ್ಚಿಗೆ ಹೊಸ ಸೈಕಲ್ಲೇ ಬರುತ್ತದಲ್ಲ ಎಂಬುದು ಕೊನೆಯ ಆಕ್ಷೇಪ. ಹನ್ನೆರಡು ಗೇರು, ಡಿಸ್ಕ್ ಬ್ರೇಕು, ಬ್ಯಾಟರಿ ಗೇರು ಎಲ್ಲವೂ ಬೇಕೆಂದರೆ ಆ ಮಾತು ನಿಜ, ಅದು ಹಳೆಯ ಫ್ರೇಮಿಗೆ ಒಪ್ಪುವ ದಾರಿಯೂ ಅಲ್ಲ. ಎಂಟು ಅಥವಾ ಒಂಬತ್ತು ಗೇರಿನ ಜೋಡಣೆಗೆ ತೃಪ್ತರಾದರೆ ಚೈನು, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗುಚ್ಛ) ಅಗ್ಗ, ಸುಲಭವಾಗಿಯೂ ಸಿಗುತ್ತವೆ. ಹಳೆಯ ಲಿವರಿನಲ್ಲಿ ಟಕ್ ಟಕ್ ಎಂಬ ಹಂತಗಳಿಲ್ಲದಿರುವುದರಿಂದ ಅದನ್ನೇ ಉಳಿಸಿಕೊಳ್ಳಬಹುದು. ಹಳೆಯ ಇಂಗ್ಲಿಷ್ ತಿರುಪಿನ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ತಿರುಗುವ ಬೇರಿಂಗ್ ಭಾಗ) ಇಂದಿಗೂ ಹೊಸದಾಗಿ ಸಿಗುತ್ತದೆ. ಹೊಸ ಮಾದರಿಗಳಲ್ಲಿ ಅದೇ ಭಾಗದ ಅಳತೆ ಎಷ್ಟೋ ಬಗೆಯಾಗಿ ಹರಿದುಹಂಚಿದೆ. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಹೊಂದದು. ದುರಸ್ತಿಗೆ ಒಗ್ಗುವ ಗುಣದಲ್ಲಿ ಹಳೆಯದೇ ಮುಂದಿದೆ.

ಆದ್ದರಿಂದ ಮನೆಯ ಹಳೆಯ ಸೈಕಲ್ಲನ್ನು ಗುಜರಿಗೆ ಕೊಡುವ ಮುನ್ನ ಇಷ್ಟು ಮಾಡಿ. ಫ್ರೇಮಿನ ಪೈಪುಗಳಿಗೆ ಅಯಸ್ಕಾಂತ ಹಿಡಿದು ಉಕ್ಕೇ ಎಂದು ಖಚಿತಪಡಿಸಿಕೊಳ್ಳಿ, ಬೆಸುಗೆಗಳಲ್ಲಿ ಬಿರುಕಿದೆಯೇ ನೋಡಿ, ಹಿಂದಿನ ಸೀಳುಗಳ ನಡುವಿನ ಅಂತರ ಅಳೆಯಿರಿ. ಫ್ರೇಮು ಗಟ್ಟಿಯಾಗಿದ್ದು ನಿಮ್ಮ ಎತ್ತರಕ್ಕೆ ಹೊಂದಿದರೆ, ಮೊದಲು ರಿಮ್ ಮತ್ತು ಬ್ರೇಕು, ಆಮೇಲೆ ಗೇರು ಬದಲಿಸಿ, ರಸ್ತೆಗೆ ಇಳಿಸಿ.