‘ಗಮನಾರ್ಹವಲ್ಲ’ ಅಂದರೆ ಸಣ್ಣದಲ್ಲ

ನವಲಗುಂದ ತಾಲ್ಲೂಕಿನ ನಮ್ಮೂರಲ್ಲಿ ಬೋರು ಕೊರೆದರೆ ಉಪ್ಪುನೀರು. ಮಲಪ್ರಭೆಯ ಕಾಲುವೆಯಿಂದ ತುಂಬಿಸಿಕೊಂಡ ಕೆರೆಯೇ ಕುಡಿಯಲು ಆಧಾರ. ಕೆರೆಗೆ ದೂರವಿರುವ ಮನೆಗಳ ಹೆಂಗಸರು ನೀರಿಗಾಗಿ ಎಷ್ಟು ದಿನದ ಕೂಲಿ ಕಳೆದುಕೊಳ್ಳುತ್ತಾರೆ ಎಂದು ನನ್ನ ಪಿಎಚ್.ಡಿ.ಗಾಗಿ ಕೆಲವೇ ಮನೆ ಸುತ್ತಿ ಲೆಕ್ಕ ಹಾಕಿದೆ. ದೂರದವರು ಹೆಚ್ಚು ಕಳೆದುಕೊಂಡಿದ್ದರು. ಆದರೆ ಕಂಪ್ಯೂಟರ್ ಆ ವ್ಯತ್ಯಾಸವನ್ನು ‘ನಾಟ್ ಸಿಗ್ನಿಫಿಕೆಂಟ್’ ಎಂದಿತು. ನಾನು ‘ಗಮನಾರ್ಹವಲ್ಲ’ ಎಂದು ಕನ್ನಡ ಮಾಡಿದೆ. ವಿಚಾರ ಸಂಕಿರಣವೊಂದರಲ್ಲಿ ಓದಿದಾಗ ಹಿರಿಯರೊಬ್ಬರು, ‘ಹಾಗಾದರೆ ದೂರ ಅಲ್ಲಿ ಸಮಸ್ಯೆಯೇ ಅಲ್ಲ’ ಎಂದು ಮುಗಿಸಿಬಿಟ್ಟರು.

ಊರಿಗೆ ಬಂದು ಹೇಳಿದೆ. ಅವ್ವ ಕೇಳಿದಳು: ‘ಅಂದ್ರ ನಾವು ಕೊಡ ಹೊತ್ತದ್ದು ಲೆಕ್ಕಕ್ಕಿಲ್ಲೇನು?’

ತಪ್ಪು ನನ್ನದು. ನನ್ನೊಬ್ಬನದಲ್ಲ, ಈ ಪದವನ್ನು ಹೀಗೆ ಕನ್ನಡಿಸುತ್ತಿರುವ ನಮ್ಮೆಲ್ಲರದು.

‘ಸಿಗ್ನಿಫಿಕೆಂಟ್’ ಪದದ ಬೇರು ಲ್ಯಾಟಿನ್ನಿನಲ್ಲಿದೆ. ‘ಸಿಗ್ನುಮ್’ ಎಂದರೆ ಗುರುತು, ‘ಫಾಕೆರೆ’ ಎಂದರೆ ಮಾಡು. ಗುರುತು ತೋರುವುದು, ಅರ್ಥ ಸೂಚಿಸುವುದು ಅದರ ಹಳೆಯ ಅರ್ಥ. ‘ಮಹತ್ವದ’ ಎಂಬುದು ಆಮೇಲೆ ಅಂಟಿಕೊಂಡದ್ದು. ಸಂಖ್ಯಾಶಾಸ್ತ್ರದಲ್ಲಿ ಉಳಿದಿರುವುದು ಹಳೆಯ ಅರ್ಥವೇ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದಾಗ, ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಂಭವ 100ಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಅದು ‘ಸಿಗ್ನಿಫಿಕೆಂಟ್’. 1925ರ ತಮ್ಮ ಪುಸ್ತಕದಲ್ಲಿ ಆರ್.ಎ. ಫಿಶರ್ ಈ 5ರ ಗಡಿಯನ್ನು ಅನುಕೂಲಕ್ಕೆಂದು ಹಿಡಿದರು. ಅನುಕೂಲ ನಮ್ಮಲ್ಲಿ ಶಾಸನವಾಯಿತು.

ನಾಣ್ಯವೊಂದನ್ನು 10 ಸಲ ಚಿಮ್ಮಿ 8 ಸಲ ಒಂದೇ ಮುಖ ಬಿದ್ದರೆ ಅದು ‘ಸಿಗ್ನಿಫಿಕೆಂಟ್’ ಅಲ್ಲ. 100ಕ್ಕೆ 80 ಸಲ ಬಿದ್ದರೆ ಹೌದು. ಪ್ರಮಾಣ ಎರಡರಲ್ಲೂ ಒಂದೇ! 1 ಲಕ್ಷಕ್ಕೆ 50,500 ಸಲ ಬಿದ್ದರೂ ಹೌದು, ಅಲ್ಲಿ ವಾಲಿಕೆ ನೂರಕ್ಕೆ ಅರ್ಧ ಮಾತ್ರ. ಅಂದಮೇಲೆ ಈ ಪದ ಹೇಳುವುದು ಸಂಗತಿಯ ಗಾತ್ರವನ್ನಲ್ಲ, ನಮ್ಮ ಪುರಾವೆಯ ಬಲವನ್ನು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಈ ಅಳತೆ ಪರಿಣಾಮದ ಗಾತ್ರವನ್ನಾಗಲಿ, ಮಹತ್ವವನ್ನಾಗಲಿ ಹೇಳುವುದಿಲ್ಲವೆಂದು ಸ್ಪಷ್ಟಪಡಿಸಿತು.

‘ಪಾರಿಭಾಷಿಕ ಪದ, ಓದುವವರಿಗೆ ಗೊತ್ತಿರುತ್ತದೆ’ ಎನ್ನುವವರಿದ್ದಾರೆ. ಆ ಸಂಕಿರಣದಲ್ಲಿದ್ದವರು ಓದುವವರೇ ಅಲ್ಲವೇ? ಗಮನಕ್ಕೆ ಅರ್ಹವಲ್ಲ ಎಂದು ಕನ್ನಡದಲ್ಲೇ ಬರೆದಿಟ್ಟ ಮೇಲೆ ಯಾರು ಯಾಕೆ ಗಮನ ಕೊಟ್ಟಾರು? ಸಣ್ಣ ಊರು, ಸಣ್ಣ ಸಮೀಕ್ಷೆ. ಅಲ್ಲಿ ದೊಡ್ಡ ಕಷ್ಟವೂ ಈ ಜರಡಿಯಲ್ಲಿ ಸೋರಿಹೋಗಬಹುದು. ಸೋರಿದ್ದು ಜರಡಿಯ ಕಣ್ಣಿನಿಂದ ಎಂದು ಹೇಳದೆ ಕಾಳೇ ಜಳ್ಳು ಎನ್ನುವುದು ಅನ್ಯಾಯ.

ಪದಕ್ಕಾಗಿ ದೂರ ಹೋಗಬೇಕಿಲ್ಲ. ಗುರುತಿಗೆ ಧಾರವಾಡದ ಕಡೆ ‘ಖೂನ’ ಎನ್ನುತ್ತೇವೆ. ಸಂಜೆಯ ಮಬ್ಬಿನಲ್ಲಿ ಎದುರು ಬಂದವನ ಖೂನ ಸಿಗಲಿಲ್ಲವೆಂದರೆ ಅವನು ಬಂದೇ ಇಲ್ಲವೆಂದೋ, ಬಂದದ್ದು ದೊಡ್ಡ ಮಾತಲ್ಲವೆಂದೋ ಅರ್ಥವೇ? ಬೆಳಕು ಸಾಲಲಿಲ್ಲವೆಂದು ಅರ್ಥ.

ಪ್ರಬಂಧದಲ್ಲಿ ಆ ಸಾಲು ಹೊಡೆದು ಹೀಗೆ ಬರೆದಿದ್ದೇನೆ: ‘ದೂರದ ಮನೆಯವರು ಹೆಚ್ಚು ಕೂಲಿ ಕಳೆದುಕೊಂಡಿದ್ದಾರೆ. ಇದು ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳಲು ನಾನು ಸುತ್ತಿದ ಮನೆಗಳು ಸಾಲವು.’ ಕೊರತೆ ನನ್ನದು, ಅವ್ವನ ಕೊಡದ್ದಲ್ಲ.