ಗುಲಾಬಿ ಚೆಂಡೂ ನಲವತ್ತರ ವಯಸ್ಸೂ

ನಲವತ್ತು ದಾಟಿದವರು ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತು ಮೂರೂವರೆ ಗಂಟೆ ಐಪಿಎಲ್ ನೋಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಟಿವಿಗೆ ಗೇಮ್ ಜೋಡಿಸಿ, ಗುಲಾಬಿ ಬಣ್ಣದ ಗುಂಡಗಿನ ಜೀವಿಯೊಂದನ್ನು ಅರ್ಧ ಗಂಟೆ ಓಡಿಸಿ ನೆಗೆಸಿದರೆ ‘ಈ ವಯಸ್ಸಲ್ಲಿ ಇದೇನು ಮಕ್ಕಳಾಟ’ ಎಂಬ ಮಾತು ಬಾರದೆ ಇರದು. ಮನೆಯವರು ಹೀಗೆಂದರೆ, ವಿಡಿಯೊ ಗೇಮನ್ನೇ ವ್ರತದಂತೆ ಹಿಡಿದವರು ಇನ್ನೊಂದು ಬದಿಯಿಂದ ಮೂಗು ಮುರಿಯುತ್ತಾರೆ: ಸೋಲಿನ ಭಯವೇ ಇಲ್ಲದ ಆಟ ಅದ್ಯಾವ ಆಟ? ಹಾದಿ ಬೇರೆಯಾದರೂ ಇಬ್ಬರೂ ತಲುಪಿದ ತೀರ್ಮಾನ ಒಂದೇ. ಬಣ್ಣಬಣ್ಣದ, ಸಲೀಸಾಗಿ ಮುಂದೆ ಸಾಗುವ ಆಟಗಳು ದೊಡ್ಡವರಿಗೆ ಹೇಳಿಸಿದ್ದಲ್ಲ ಎಂಬುದು. ನನಗೆ ಇದು ಒಪ್ಪಿಗೆಯಿಲ್ಲ. ಇಂಥ ಆಟದ ಸಲೀಸುತನ ಅದನ್ನು ಮಾಡಿದವರು ಬೆವರು ಸುರಿಸಿ ಗಳಿಸಿದ ಗುಣ. ಅದರ ಅಗತ್ಯ ಹತ್ತು ವರ್ಷದ ಹುಡುಗನಿಗಿಂತ ದುಡಿದು ದಣಿದು ಬಂದವರಿಗೇ ಹೆಚ್ಚು.

ಆ ಗುಲಾಬಿ ಜೀವಿಯ ಹೆಸರು ಕರ್ಬಿ. 1992ರ ಏಪ್ರಿಲ್‌ನಲ್ಲಿ ನಿಂಟೆಂಡೊದ ಗೇಮ್ ಬಾಯ್ ಎಂಬ ಕೈಯಳತೆಯ ಯಂತ್ರಕ್ಕಾಗಿ ಜಪಾನಿನ ಎಚ್‌ಎಎಲ್ ಲ್ಯಾಬೊರೇಟರಿ ಮಾಡಿದ ಅದರ ಮೊದಲ ಆಟ ಹೊರಬಂತು (ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೂ ಈ ಕಂಪನಿಗೂ ಸಂಬಂಧವಿಲ್ಲ). ರೂಪಿಸಿದವನು ಮಸಾಹಿರೊ ಸಕುರಾಯಿ, ಆಗಿನ್ನೂ ಇಪ್ಪತ್ತೊಂದರ ತರುಣ. ಗೇಮ್ ಆಡಿಯೇ ಗೊತ್ತಿಲ್ಲದವರೂ ಕೊನೆಯವರೆಗೆ ಹೋಗಬಲ್ಲ ಆಟವೊಂದು ಬೇಕು ಎಂಬುದು ಅವನ ಗುರಿ. ಅದಕ್ಕಾಗಿ ಅವನು ಆಟದ ಬುಡಕ್ಕೇ ಕೈ ಹಾಕಿದ. ಓಡಿ ನೆಗೆಯುವ ಆಟಗಳಲ್ಲೆಲ್ಲ ಮುಖ್ಯ ಶತ್ರು ಹಳ್ಳ. ಲೆಕ್ಕ ಕೂದಲೆಳೆಯಷ್ಟು ತಪ್ಪಿದರೆ ಪಾತಾಳವೇ ಗತಿ. ಕರ್ಬಿಯಾದರೋ ಗಾಳಿ ನುಂಗಿ ಉಬ್ಬಿಕೊಂಡು ಬೇಕಾದಷ್ಟು ಹೊತ್ತು ತೇಲುತ್ತಾ ಹೋಗಬಲ್ಲ. ಹೀಗಾಗಿ ಹಳ್ಳ ಬರೀ ಭೂದೃಶ್ಯವಾಗಿ ಉಳಿಯಿತು. ಐದೇ ಹಂತಗಳ ಆ ಆಟವನ್ನು ಒಂದು ಗಂಟೆಯೊಳಗೆ ಮುಗಿಸಬಹುದು. ಆದರೆ ಮುಗಿಸಿದವರಿಗೆ ಮಾತ್ರ ತಿಳಿಯುವಂತೆ ಅದರೊಳಗೆ ಇನ್ನೊಂದು ಆಟವನ್ನೂ ಸಕುರಾಯಿ ಅಡಗಿಸಿಟ್ಟಿದ್ದ: ಅದೇ ಹಂತಗಳು, ಎರಡರಷ್ಟು ಕ್ರೂರ ಶತ್ರುಗಳು. ಅಂದರೆ ಕಷ್ಟದ ಆಟ ಮಾಡುವುದು ಅವನಿಗೆ ಬಾರದೆ ಇರಲಿಲ್ಲ. ಬಾಗಿಲಲ್ಲೇ ಅದನ್ನು ಕಾವಲು ನಿಲ್ಲಿಸಬಾರದು ಎಂದು ಅವನು ನಿಶ್ಚಯಿಸಿದ್ದ, ಅಷ್ಟೆ.

ಇಷ್ಟಕ್ಕೂ ಕಷ್ಟವೇ ಆಟದ ಜೀವಾಳ ಎಂಬ ನಂಬಿಕೆ ಬಂದದ್ದಾದರೂ ಎಲ್ಲಿಂದ? ಬಹುಮಟ್ಟಿಗೆ ನಾಣ್ಯದ ಪೆಟ್ಟಿಗೆಯಿಂದ. 1978ರ ಸ್ಪೇಸ್ ಇನ್ವೇಡರ್ಸ್, 1981ರ ಡಾಂಕಿ ಕಾಂಗ್ ಎಲ್ಲ ಅಂಗಡಿ, ಬಾರುಗಳಲ್ಲಿ ನಿಲ್ಲಿಸಿದ ಯಂತ್ರಗಳು. ನಾಣ್ಯ ಹಾಕಿದವನು ಬೇಗ ಸೋತಷ್ಟೂ ಯಂತ್ರದ ಮಾಲೀಕನಿಗೆ ಲಾಭ. ಆದರೆ ‘ಇನ್ನೊಂದು ಸಲ ನೋಡೇಬಿಡೋಣ’ ಎನ್ನುವಷ್ಟು ಆಸೆಯನ್ನಾದರೂ ಉಳಿಸಬೇಕು. ಮೂರು ಲೈಫ್, ಆಮೇಲೆ ಆಟ ಮುಗೀತು ಎಂಬ ವಿಧಾನ ಬೆಳೆದದ್ದು ಈ ವ್ಯಾಪಾರದ ಮಣ್ಣಿನಲ್ಲಿ. ಗೇಮು ಮನೆಯೊಳಗೆ ಬಂದ ಮೇಲೂ ಅಭ್ಯಾಸಬಲದಿಂದ ಅದೇ ಲೆಕ್ಕ ಮುಂದುವರಿಯಿತು. 1985ರ ಸೂಪರ್ ಮಾರಿಯೊ ಬ್ರದರ್ಸ್ ಕೂಡ ಮೂರು ಲೈಫಿನದೇ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ನಕಲಿ ‘ಟಿವಿ ಗೇಮ್’ ಡಬ್ಬಗಳು, ಸಾವಿರಾರು ಆಟಗಳಿವೆ ಎಂದು ಮೈಮೇಲೆ ಬರೆದುಕೊಂಡ ಕ್ಯಾಸೆಟ್‌ಗಳು ಬಂದವಲ್ಲ, ಅವುಗಳ ಮುಂದೆ ಕೂತ ಮಕ್ಕಳಿಗೂ ಇದೇ ಪಾಠವಾಯಿತು. ಆ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಕಷ್ಟವಿದ್ದರೇ ಆಟ ಎಂದು ಅವರಲ್ಲಿ ಹಲವರು ಇಂದಿಗೂ ನಂಬಿದ್ದಾರೆ. ನಾಣ್ಯದ ಲೆಕ್ಕ ಸತ್ತೂ ಇಲ್ಲ. ಮೊಬೈಲ್ ಆಟಗಳಲ್ಲಿ ಲೈಫ್ ಮುಗಿದರೆ ಕಾಯಬೇಕು, ಇಲ್ಲವೇ ದುಡ್ಡು ಕೊಟ್ಟು ಕೊಳ್ಳಬೇಕು. ಒಮ್ಮೆ ಕಾಸು ಕೊಟ್ಟು ಕೊಂಡ ಆಟ ನಮ್ಮನ್ನು ಸುಮ್ಮಸುಮ್ಮನೆ ಸೋಲಿಸಿ ಗಳಿಸಬೇಕಾದದ್ದು ಏನೂ ಇಲ್ಲ.

ಸಲೀಸು ಎಂದರೆ ಕಾಟಾಚಾರ ಎಂದುಕೊಳ್ಳುವವರು 2022ರಲ್ಲಿ ಬಂದ ‘ಕರ್ಬಿ ಆ್ಯಂಡ್ ದ ಫರ್ಗಾಟನ್ ಲ್ಯಾಂಡ್’ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದು ಮೂರು ಆಯಾಮದ ಜಗತ್ತು. ಅಂಥಲ್ಲಿ ನೆಗೆದ ಗೊಂಬೆ ಎಲ್ಲಿ ಇಳಿಯುತ್ತದೆ, ನೆಲ ಎಷ್ಟು ಕೆಳಗಿದೆ ಎಂದು ಚಪ್ಪಟೆ ಪರದೆಯ ಮೇಲೆ ಅಂದಾಜು ಮಾಡುವುದು ಪಳಗದ ಕಣ್ಣಿಗೆ ತ್ರಾಸದ ಕೆಲಸ. ನೆಲ ಮುಟ್ಟಿದೆವೆಂದು ಗುಂಡಿ ಒತ್ತಿದರೆ ಗೊಂಬೆ ನೆಗೆಯುವುದಿಲ್ಲ. ಲೆಕ್ಕದ ಪ್ರಕಾರ ಅದಿನ್ನೂ ಗಾಳಿಯಲ್ಲೇ ಇರುತ್ತದೆ. ಇದಕ್ಕೆ ಆಟ ಮಾಡಿದವರು ಕಂಡುಕೊಂಡ ಉಪಾಯ ಸೊಗಸಾಗಿದೆ. ಆಡುವವರ ಕಣ್ಣಿಗೆ ಕರ್ಬಿ ನೆಲ ಮುಟ್ಟಿದಂತೆ ಕಂಡರೆ ಸಾಕು, ಯಂತ್ರವೂ ಮುಟ್ಟಿದೆ ಎಂದೇ ಒಪ್ಪಿಕೊಂಡು ನೆಗೆಯಲು ಬಿಡುತ್ತದೆ. ಹೊಡೆತ ತಾಗಿದಂತೆ ಕಂಡರೆ ತಾಗಿತೆಂದೇ ಲೆಕ್ಕ. ಬೇರೆ ಆಟಗಳಲ್ಲೂ ಇಂಥ ಔದಾರ್ಯವುಂಟು. ಅಂಚು ದಾಟಿ ಕಾಲು ಗಾಳಿಗೆ ಬಿದ್ದ ಮೇಲೂ ಕಣ್ಣೆವೆ ಬಡಿಯುವಷ್ಟು ಹೊತ್ತು ನೆಗೆಯುವ ಅವಕಾಶವನ್ನು ಹಲವು ಆಟಗಳು ಗುಟ್ಟಾಗಿ ಕೊಡುತ್ತವೆ. ಒಳ್ಳೆಯ ಪಕ್ಕವಾದ್ಯದವರು ಹಾಡುಗಾರರ ತಾಳ ತುಸು ಜಾರಿದ್ದನ್ನು ಸಭೆಗೆ ಗೊತ್ತಾಗದಂತೆ ಎತ್ತಿಕೊಂಡು ಹೋಗುವುದಿಲ್ಲವೇ, ಅಂಥ ವಿದ್ಯೆ ಇದು. ಸಾವಿರ ಸಲ ಪರೀಕ್ಷಿಸಿ ತಿದ್ದಿದ್ದಕ್ಕೇ ಅದು ಆಡುವವರ ಗಮನಕ್ಕೆ ಬರುವುದಿಲ್ಲ.

ಬೀಳುವ ಚಿಂತೆ ಕಡಿಮೆಯಾದಾಗ ಕಣ್ಣು ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ಮನುಷ್ಯರು ಬಿಟ್ಟುಹೋದ, ಗೋಡೆಗಳ ಮೇಲೆಲ್ಲ ಬಳ್ಳಿ ಹಬ್ಬಿದ ಊರಿನಲ್ಲಿ ಕರ್ಬಿ ತಿರುಗುತ್ತಾನೆ. ಪಾಳುಬಿದ್ದ ಮಾಲ್‌ನಲ್ಲಿ ತಂಪು ಪಾನೀಯ ಮಾರುವ ಯಂತ್ರವೊಂದು ಸಿಗುತ್ತದೆ. ಅದನ್ನು ನುಂಗಲು ಹೋಗುತ್ತಾನೆ. ಬಾಯಿಗೆ ಹಿಡಿಯುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಅರ್ಧ ನುಂಗಿದ ಯಂತ್ರದ ಆಕಾರಕ್ಕೇ ಮೈ ಹಿಗ್ಗಿಸಿಕೊಂಡು, ಅಡಿಯಲ್ಲಿ ಪುಟ್ಟ ಪಾದಗಳನ್ನು ಊರುತ್ತಾ, ಡಬ್ಬಿಗಳನ್ನು ಉಗುಳಿ ಗೋಡೆ ಒಡೆಯುತ್ತಾ ಸಾಗುತ್ತಾನೆ. ಇದನ್ನು ನೋಡಿ ಮಗು ನಗುತ್ತದೆ. ಆದರೆ ಗಿರಾಕಿಯೇ ಇಲ್ಲದ ಮಾಲ್‌ನಲ್ಲಿ ಇನ್ನೂ ನಿಂತಿರುವ ಮಾರಾಟ ಯಂತ್ರದ ವ್ಯಂಗ್ಯ ಹೊಳೆಯಬೇಕಾದರೆ ಸ್ವಲ್ಪ ವಯಸ್ಸಾಗಿರಬೇಕು. 2023ರ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’ ಆಟದಲ್ಲಂತೂ ವಯಸ್ಸಾದವರಿಗೇ ಕಾದಿಟ್ಟಂಥ ಒಂದು ತಮಾಷೆಯಿದೆ. ಪೈಪಿನಿಂದ ಬಾಯಿ ತೆರೆದು ಮೇಲೇಳುವ ಮಾಂಸಾಹಾರಿ ಗಿಡಗಳನ್ನು ಮಾರಿಯೊ ಆಡಿದವರೆಲ್ಲ 1985ರಿಂದ ಬಲ್ಲರು. ಇಲ್ಲಿ ಒಂದು ಮಾಯಾ ಹೂ ಮುಟ್ಟಿದ್ದೇ ತಡ, ಅವು ಪೈಪಿನಿಂದ ಹೊರಬಂದು ಸಾಲುಗಟ್ಟಿ ಹಾಡುತ್ತಾ ಮೆರವಣಿಗೆ ಹೊರಡುತ್ತವೆ. ದಶಕಗಳ ಕಾಲ ಅವುಗಳಿಗೆ ಹೆದರಿ ಪೈಪಿನ ಪಕ್ಕ ಕಾದು ನಿಂತವರಿಗೆ ಆಗುವ ಮೋಜು ಹೊಸಬರಿಗೆ ಆಗುವುದು ಹೇಗೆ?

ಗಂಭೀರ ಆಟಗಾರರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಲಸದ ಕಷ್ಟವೂ ಮಾಡುವವರ ಕೌಶಲವೂ ಸರಿಸಮ ತೂಗಿದಾಗ ಮನಸ್ಸು ತನ್ನನ್ನೇ ಮರೆತು ಮುಳುಗುತ್ತದೆ, ಕೆಲಸ ತೀರಾ ಸುಲಭವಾದರೆ ಬೇಸರವೇ ಫಲ ಎಂದು ಮನೋವಿಜ್ಞಾನಿ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ವಿವರಿಸಿದ್ದನ್ನು ಅವರು ಮುಂದಿಡಬಹುದು. ಮಾತು ಸರಿ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವ ಕೌಶಲ ಎಲ್ಲ ಹೊತ್ತಿನಲ್ಲೂ ಒಂದೇ ಆಗಿರುವುದಿಲ್ಲ. ಇಡೀ ದಿನ ಲೆಕ್ಕಪತ್ರವೋ ಪೇಷಂಟುಗಳೋ ತರಗತಿಯೋ ಟ್ರಾಫಿಕ್ಕೋ ಎಂದು ಗಮನವನ್ನು ಹಿಂಡಿಕೊಂಡು ಬಂದವರ ರಾತ್ರಿ ಒಂಬತ್ತರ ಚುರುಕು ಬೆಳಗಿನ ಒಂಬತ್ತರದಲ್ಲ. ಅವರ ಪಾಲಿಗೆ ಕರ್ಬಿಯ ಹಳ್ಳವೇ ಹದವಾದ ಹಳ್ಳ. ಹೆಚ್ಚು ಬೇಕೆನಿಸಿದವರಿಗೆ ಪ್ರತಿ ಹಂತದಲ್ಲೂ ಮೂಲೆಮುಡುಕಿನಲ್ಲಿ ಅಡಗಿಸಿಟ್ಟ ಸೆರೆಯಾಳುಗಳಿದ್ದಾರೆ, ಹುಡುಕಿ ಬಿಡಿಸಬೇಕು. ಶತ್ರುಗಳು ಬಲವಾಗಿರುವ ಮಾದರಿಯನ್ನೂ ಆರಿಸಿಕೊಳ್ಳಬಹುದು. ಎಲ್ಡನ್ ರಿಂಗ್‌ನಂಥ ಕಠಿಣ ಆಟದ ಘನತೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಬಣ್ಣ ಬಳಿದ ಸುಲಭದ ಆಟವೆಲ್ಲ ಒಳ್ಳೆಯದೆಂದೂ ಹೇಳುತ್ತಿಲ್ಲ. ಸಿನಿಮಾದ ಹೆಸರು ಅಂಟಿಸಿಕೊಂಡು ಬರುವ ಎಷ್ಟೋ ಆಟಗಳು ನಿಜಕ್ಕೂ ಸಪ್ಪೆ. ಸುಲಭ ಎಂಬ ಒಂದೇ ಕಾರಣಕ್ಕೆ ಆಟವನ್ನು ಕೆಳಗಿನ ಮಣೆಗೆ ತಳ್ಳಬೇಡಿ ಎಂಬಷ್ಟೇ ನನ್ನ ತಕರಾರು. 2024ರ ಡಿಸೆಂಬರ್‌ನಲ್ಲಿ ದ ಗೇಮ್ ಅವಾರ್ಡ್ಸ್‌ನ ವರ್ಷದ ಆಟ ಪ್ರಶಸ್ತಿ ಬಂದದ್ದು ಆಸ್ಟ್ರೊ ಬಾಟ್‌ಗೆ. ಪುಟ್ಟ ರೋಬೊ ಒಂದು ಬಣ್ಣದ ಗ್ರಹಗಳ ಮೇಲೆ ಕುಣಿದಾಡುವ ಆಟ ಅದು.

ಮನೆಯವರ ಆತಂಕ ಬೇರೆ ಥರದ್ದು. ಅದಕ್ಕೆ ಕಾರಣವೂ ಇದೆ. ನಮ್ಮ ಪತ್ರಿಕೆಗಳಲ್ಲಿ ‘ಆನ್‌ಲೈನ್ ಗೇಮ್’ ಎಂದರೆ ಸಾಮಾನ್ಯವಾಗಿ ರಮ್ಮಿ, ಸಾಲ, ಆತ್ಮಹತ್ಯೆಯ ಸುದ್ದಿ. ಹಣ ಪಣಕ್ಕಿಡುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆ ಕಾಯ್ದೆಯೂ ಹಣದ ಆಟವನ್ನು ಉಳಿದ ಆಟಗಳಿಂದ ಬೇರ್ಪಡಿಸಿಯೇ ನೋಡುತ್ತದೆ ಎಂಬುದನ್ನು ಗಮನಿಸಬೇಕು. ಹಣವಿಲ್ಲದೆಯೂ ಗೀಳು ಹಿಡಿಯಬಹುದಲ್ಲ ಎಂದರೆ, ಹೌದು, ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಸೇರಿಸಿದೆ. ಆದರೆ ಅದು ಹೇಳುವ ಲಕ್ಷಣಗಳು ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು; ಅದೂ ಸಾಮಾನ್ಯವಾಗಿ ಹನ್ನೆರಡು ತಿಂಗಳು ಮುಂದುವರಿದರೆ. ಕರ್ಬಿಯ ಆಟದಲ್ಲಿ ಹತ್ತಿಪ್ಪತ್ತು ನಿಮಿಷಕ್ಕೆ ಒಂದು ಹಂತ ಮುಗಿಯುತ್ತದೆ, ಒಂದು ದಿನ ಕಥೆಯೂ ಮುಗಿಯುತ್ತದೆ. ನಾಳೆ ಬಾರದಿದ್ದರೆ ಬಹುಮಾನ ತಪ್ಪೀತು ಎಂದು ಫೋನಿಗೆ ಸಂದೇಶ ಕಳಿಸಿ ಕಾಡುವುದಿಲ್ಲ.

ಹಾಗೆಂದು ಈ ಆಟಗಳನ್ನು ಔಷಧಿಯೆಂದು ಮಾರುವವರ ಜೊತೆಗೂ ನಾನಿಲ್ಲ. ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಕಂಪನಿಗಳಿಂದಲೇ ಆಟದ ಅವಧಿಯ ದಾಖಲೆ ಪಡೆದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಸಾವಿರಕ್ಕೂ ಹೆಚ್ಚು ಆಟಗಾರರಲ್ಲಿ ಆಡಿದ ಹೊತ್ತಿಗೂ ನೆಮ್ಮದಿಗೂ ಸಣ್ಣದೊಂದು ಒಳ್ಳೆಯ ನಂಟು ಕಂಡಿತ್ತು. ಮರುವರ್ಷ ಏಳು ಆಟಗಳ ಸುಮಾರು 39 ಸಾವಿರ ಜನರನ್ನು ಕಾಲಾಂತರದಲ್ಲಿ ಗಮನಿಸಿದ ದೊಡ್ಡ ಅಧ್ಯಯನದಲ್ಲಿ, ಆಡುವ ಹೊತ್ತಿನಿಂದ ನೆಮ್ಮದಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎನ್ನುವಷ್ಟು ಅಲ್ಪ ಪರಿಣಾಮ ಕಂಡಿತು. ಈ ಎರಡನೆಯದನ್ನು ನಂಬುವುದೇ ಮೇಲು. ಒತ್ತಡ ತಗ್ಗುತ್ತದೆ, ಮೆದುಳು ಚುರುಕಾಗುತ್ತದೆ ಎಂದು ಆಟಕ್ಕೆ ಉಪಯೋಗದ ಚೀಟಿ ಅಂಟಿಸಿದ ಕ್ಷಣವೇ ಅದೂ ಇನ್ನೊಂದು ಕೆಲಸವಾಗುತ್ತದೆ. ಮಧ್ಯಾಹ್ನ ಕವಡೆ ಹಿಡಿದು ಚೌಕಾಬಾರಕ್ಕೆ ಕೂತ ಅಜ್ಜಿಯರನ್ನು ಇದರಿಂದ ಏನು ಲಾಭ ಎಂದು ಯಾರೂ ಕೇಳಲಿಲ್ಲ. ಆಡುವುದು ಅವರಿಗೆ ಖುಷಿ ಕೊಡುತ್ತಿತ್ತು, ಕಾಯಿ ಹಣ್ಣಾದ ಮೇಲೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಗೇಮ್ ಆಡುವ ಸಮಯದಲ್ಲಿ ಪುಸ್ತಕ ಓದಬಹುದಿತ್ತು ಎನ್ನುವವರಿಗೆ ಹೇಳುವುದಿಷ್ಟೇ: ಕರ್ಬಿಯ ಅರ್ಧ ಗಂಟೆ ಕಸಿಯುವುದು ಓದಿನಿಂದಲ್ಲ, ಬಹುತೇಕ ಮನೆಗಳಲ್ಲಿ ಅದು ಕಸಿಯುವುದು ಬೆರಳಲ್ಲಿ ತಳ್ಳುತ್ತಾ ಕೂರುವ ರೀಲ್ಸ್‌ನಿಂದ.

ಉತ್ತರ ಕೊಡಲು ಕಷ್ಟವಾಗುವ ಆಕ್ಷೇಪ ದುಡ್ಡಿನದು. ಯಂತ್ರಕ್ಕೆ ಹತ್ತಾರು ಸಾವಿರ, ಒಂದೊಂದು ಹೊಸ ಆಟಕ್ಕೆ ನಾಲ್ಕೈದು ಸಾವಿರ ಎಂದರೆ ಅದು ಎಲ್ಲರ ಕೈಗೆಟುಕುವ ಬಾಬತ್ತಲ್ಲ. ಹಾಗಿಲ್ಲ ಎಂದು ವಾದಿಸುವುದು ಅಪ್ರಾಮಾಣಿಕತೆ. ಆದರೆ ಈ ಬಗೆಯ ಆಟಕ್ಕೆ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. 2019ರಲ್ಲಿ ಬಂದ ‘ಎ ಶಾರ್ಟ್ ಹೈಕ್’ ಎಂಬ ಪುಟ್ಟ ಆಟದಲ್ಲಿ ಕ್ಲೇರ್ ಎಂಬ ಹಕ್ಕಿ ಫೋನಿಗೆ ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತುತ್ತಾಳೆ. ಶತ್ರುಗಳಿಲ್ಲ, ಸಾಯುವ ಪ್ರಸಂಗವೂ ಇಲ್ಲ. ಎರಡು ಗಂಟೆ ಸಾಕು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮಲೆನಾಡಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಬಲ್ಲವರು ಅಲ್ಲಿಂದಲೇ ಶುರುಮಾಡಬಹುದು.