ಮೊದಲ ವೀಣೆ

ಬೈರಾಪಟ್ಟಣದ ಗೃಹಸ್ಥರೊಬ್ಬರು ಮೊನ್ನೆ ನಮ್ಮ ಜಗುಲಿಯ ಮೇಲೆ ಕುಳಿತು, “ಮೇಷ್ಟ್ರೇ, ಬರುವ ವಿಜಯದಶಮಿಗೆ ಮಗುವಿಗೆ ವೀಣೆಯ ಪಾಠ ಪ್ರಾರಂಭಿಸಬೇಕೆಂದಿದ್ದೇನೆ. ಪೇಟೆಯಲ್ಲಿ ಒಂದು ವೀಣೆಯನ್ನು ನೋಡಿಬಂದೆ. ಕೆತ್ತನೆ ಬಹು ಸೊಗಸು. ಕೊಂಡುಕೊಳ್ಳಲೇ?” ಎಂದರು. “ನುಡಿಸಿ ನೋಡಿದಿರೋ?” ಎಂದೆವು. “ನಮಗೆಲ್ಲಿ ಬರುತ್ತದೆ ಸ್ವಾಮಿ!” ಎಂದು ನಕ್ಕರು. ಅವರಿಗೆ ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇವೆ. ಏಕೆಂದರೆ ಆ ತಪ್ಪನ್ನು ಮಾಡಿ ಫಲವನ್ನುಂಡವರು ನಾವು.

ಬಹಳ ವರ್ಷಗಳ ಹಿಂದೆ ನಮ್ಮ ಮಗಳಿಗೆಂದು ಹಳೆಯ ವೀಣೆಯೊಂದನ್ನು ಕ್ರಯಕ್ಕೆ ತಂದೆವು. ಬೆಲೆ ಅಗ್ಗ, ಯಾಳಿಯ ಮುಖ ನೋಡುವವರ ಕಣ್ಣು ಸೆಳೆಯುವಂತಿದ್ದಿತು. ಪಾಠವು ಗುರುಗಳ ಮನೆಯಲ್ಲಿ ಅವರ ವೀಣೆಯ ಮೇಲೆ. ಸಾಧನೆ ನಮ್ಮ ಮನೆಯಲ್ಲಿ ಇದರ ಮೇಲೆ. ಅಲ್ಲಿ ಬಂದ ಸ್ವರವು ಇಲ್ಲಿ ಬರುತ್ತಿರಲಿಲ್ಲ. ಗುರುಗಳು ಕೂಡೆ ಹಾಡುವುದರಿಂದ ಅಲ್ಲಿ ಸರಿಹೋಗುತ್ತಿರಬೇಕೆಂದು ಎಣಿಸಿ, ಇನ್ನೂ ಸಾಧನೆ ಮಾಡೆಂದು ಗದರಿದೆವು. ಆರು ತಿಂಗಳಾದ ಮೇಲೆ ಹುಡುಗಿಯು, “ನನಗೆ ಕಿವಿಯೇ ಇಲ್ಲ ಅಪ್ಪಾ” ಎಂದು ವೀಣೆಗೆ ಗವಸು ಹಾಕಿ ಮೂಲೆಗಿಟ್ಟಳು. ನಾವೂ ಹಾಗೆಂದೇ ನಂಬಿದೆವು.

ಅವಳು ಮದುವೆಯಾಗಿ ಹೋದ ತರುವಾಯ ಮನೆಗೆ ಬಂದ ವಿದ್ವಾಂಸರೊಬ್ಬರು ಗವಸನ್ನು ತೆಗೆದು, ತಂತಿಯನ್ನು ಶ್ರುತಿಮಾಡಿ, ನಾಲ್ಕು ಕಡೆ ಒತ್ತಿ ನೋಡಿದರು. “ದಂಡಿ ಬಾಗಿದೆ, ಮೇಣ ಜರುಗಿದೆ. ಇದರಲ್ಲಿ ಯಾರು ನುಡಿಸಿದರೂ ಅಪಸ್ವರವೇ. ನಿಮ್ಮ ಹುಡುಗಿಯ ಕಿವಿ ಚೆನ್ನಾಗಿದ್ದುದರಿಂದಲೇ ಅವಳಿಗೆ ಸಹಿಸಲಿಲ್ಲ” ಎಂದರು. ಆ ಮಾತನ್ನು ಅವಳಿಗೆ ಕಾಗದದಲ್ಲಿ ಬರೆದೆವು. ಹೋದ ಕಾಲವನ್ನು ಬರೆದು ಕಳುಹಿಸಲಾಗಲಿಲ್ಲ.

ಆದುದರಿಂದ ಮೊದಲು ಗುರುವನ್ನು ಗೊತ್ತುಮಾಡಿ ಅನಂತರ ವೀಣೆಯನ್ನು ಅರಸತಕ್ಕದ್ದು. ಕೊಳ್ಳುವಾಗ ಅವರನ್ನೇ ಕರೆದೊಯ್ಯತಕ್ಕದ್ದು. ಸಂಗೀತವರಿಯದ ಗೃಹಸ್ಥನೂ ಮಾಡಬಹುದಾದ ಪರೀಕ್ಷೆಗಳು ಕೆಲವುಂಟು. ದಂಡಿಯ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಅದು ನೆಟ್ಟಗಿರಬೇಕು. ಬಿರಡೆಯನ್ನು ತಿರುಗಿಸಿ ಬಿಟ್ಟರೆ ಹಿಂದಕ್ಕೆ ಜಾರಬಾರದು. ವೀಣೆಗೆ 24 ಮೆಟ್ಟಿಲುಗಳು, ಅಂದರೆ ಎರಡು ಸ್ಥಾಯಿಗಳು. ಬಿರಡೆಗಳ ಕಡೆಯಿಂದ ಎಣಿಸಿ 12ನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದರೆ, ಬರಿಯ ತಂತಿಯ ನಾದವೇ ಒಂದು ಸ್ಥಾಯಿ ಮೇಲೆ ಕೇಳಬೇಕು. 7ನೆಯದರಲ್ಲಿ ಪಂಚಮ ಕೇಳಬೇಕು. ನುಡಿಸುವ ನಾಲ್ಕು ತಂತಿಗಳಲ್ಲಿಯೂ ಹೀಗೆ ನೋಡತಕ್ಕದ್ದು.

ಮೆಟ್ಟಿಲುಗಳು ಕುಳಿತಿರುವುದು ಮೇಣದ ಮೇಲೆ. ಬಿಸಿಲಿಗೆ ಮೇಣ ಕರಗಿ ಸ್ವರಸ್ಥಾನ ತಪ್ಪುವುದು. ದಂಡಿ ನೆಟ್ಟಗಿದ್ದು ಮೇಣ ಮಾತ್ರ ಕೆಟ್ಟಿದ್ದರೆ ಹೊಸದಾಗಿ ಕಟ್ಟಿಸಬಹುದು. ಆ ಖರ್ಚನ್ನು ಬೆಲೆಯೊಡನೆ ಕೂಡಿಸಿ ಲೆಕ್ಕ ಹಾಕಬೇಕು. ದಂಡಿಯೇ ಬಾಗಿದ್ದರೆ ಪುಕ್ಕಟೆಯಾಗಿ ಕೊಟ್ಟರೂ ಬೇಡ.

ಮರವು ಸಾಮಾನ್ಯವಾಗಿ ಹಲಸು. ಒಂದೇ ಮರದಲ್ಲಿ ಕೊರೆದ ಏಕಾಂಡವೀಣೆ ಬೆಲೆಯುಳ್ಳದ್ದು. ಮೊದಲ ವೀಣೆಗೆ ಅದು ಅಗತ್ಯವಿಲ್ಲ. ಬೆಸುಗೆ ಬಲವಾಗಿದ್ದರೆ ಜೋಡಿಸಿದ ವೀಣೆಯೇ ಸಾಕು. ಕೆತ್ತನೆಗೆ ಕೊಡುವ ಹಣವನ್ನು ನಾದಕ್ಕೆ ಕೊಡಿರಿ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡುವ ಕುಟುಂಬಗಳಿವೆ. ಮಾಡುವವರ ಕೈಯಿಂದಲೇ ಕೊಂಡರೆ, ಮುಂದೆ ರಿಪೇರಿಗೆ ಎಲ್ಲಿ ಹೋಗಬೇಕೆಂಬುದೂ ತಿಳಿದಂತಾಗುವುದು.

ತಂತಿಯ ವಿಷಯದಲ್ಲಿ ನಮ್ಮ ಸೀಮೆಯವರು ಅಲಕ್ಷ್ಯ ಮಾಡಬಾರದು. ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣವು ಒಂದು ಕಾಲದಲ್ಲಿ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿದ್ದಿತು. 1800ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ ಅದು ದೂರ ದೂರದ ಸೀಮೆಗಳಿಗೆ ಹೋಗುತ್ತಿದ್ದುದನ್ನು ಬರೆದಿಟ್ಟಿರುವನು. ತುಕ್ಕು ಹಿಡಿದ ತಂತಿ ಒಳ್ಳೆಯ ವೀಣೆಯನ್ನೂ ಕೆಡಿಸುವುದು. ಹಳೆಯ ವೀಣೆ ತಂದರೆ ತಂತಿಗಳನ್ನು ಆ ದಿನವೇ ಬದಲಾಯಿಸಿರಿ.

ಮಗುವು ತೀರ ಚಿಕ್ಕದಾಗಿ ಕೈ ದಂಡಿಗೆ ಎಟುಕದಿದ್ದರೆ ಒಂದೆರಡು ವರ್ಷ ಕಂಠಪಾಠವಾಗಲಿ. ಪುರಂದರದಾಸರು ಕ್ರಮಗೊಳಿಸಿದರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳದ ಸರಳೆವರಸೆಗೆ ಕಾಸು ಖರ್ಚಿಲ್ಲ. ಶ್ರುತಿಯು ಈಗ ಮೊಬೈಲಿನಲ್ಲಿಯೂ ದೊರೆಯುವುದು. ಹಾಡಿ ಬಲಿತ ಕಿವಿಯು ತಂತಿಯ ತಪ್ಪನ್ನು ತಾನೇ ಹಿಡಿಯುವುದು.

ಇಷ್ಟನ್ನು ಕೇಳಿ ಆ ಗೃಹಸ್ಥರು, “ಹಾಗಾದರೆ ವಿಜಯದಶಮಿಗೆ ವೀಣೆ ಬಾರದಿದ್ದರೆ?” ಎಂದರು. ಗುರುಗಳ ವೀಣೆಯ ಮೇಲೆಯೇ ಅಂದು ಕೈಯಿಡಿಸಬಹುದೆಂದೆವು. ಮನೆಗೆ ತಂದ ಮೇಲೆ ಮಗುವು “ಸ್ವರ ಸರಿಯಾಗಿ ಬರುವುದಿಲ್ಲ” ಎಂದರೆ, ಗದರುವುದಕ್ಕೆ ಮುಂಚೆ ವೀಣೆಯನ್ನು ಗುರುಗಳ ಬಳಿಗೆ ಕೊಂಡೊಯ್ಯಿರೆಂದೂ ಹೇಳಿ ಕಳುಹಿಸಿದೆವು. ನಾವು ಮಾಡದೆ ಹೋದುದು ಅದೊಂದೇ.